ಒರೆಸಿಹೋದ ಆಕಾಶ

ಪ್ಯಾರಿಸಿನ ಮ್ಯೂಸಿಯಂನಿಂದ ಆ ಮುಗುಳ್ನಗೆಯ ಹೆಂಗಸಿನ ಚಿತ್ರವನ್ನು ಕದ್ದವನು ಅದರ ಫ್ರೇಮನ್ನೂ ಗಾಜನ್ನೂ ಮೆಟ್ಟಿಲ ಹತ್ತಿರ ಬಿಟ್ಟು, ಬರೀ ಚಿತ್ರವನ್ನು ಎತ್ತಿಕೊಂಡು ಹೋದ ಎಂದು ನಾನು ಹೇಳಿದಾಗ, ಫ್ರೇಮ್ ಅಂಗಡಿಯ ಸಾಹೇಬರಿಗೆ ನಿಜವಾಗಿಯೂ ಅವಮಾನವಾಯಿತು.

“ಫ್ರೇಮ್ ಬಿಟ್ಟು ಹೋದನಾ? ಅವನೆಂತ ಕಳ್ಳ ಮಾರಾಯ್ರೆ!”

“ಅವನೂ ನಿಮ್ಮ ಕಸುಬಿನವನೇ ಸಾಹೇಬ್ರೆ. ಅದೇ ಮ್ಯೂಸಿಯಂನಲ್ಲಿ ಚಿತ್ರಗಳಿಗೆ ಗಾಜು ಹಾಕೋ ಕೆಲಸ ಮಾಡಿದ್ದೋನು.”

“ಹಾಗಾದ್ರೆ ಆ ಫ್ರೇಮ್ ಸರಿ ಇಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು,” ಎಂದು ತೀರ್ಪು ಕೊಟ್ಟು ಸಾಹೇಬರು ಮತ್ತೆ ಗಾಜು ಕೊಯ್ಯಲು ಬಗ್ಗಿದರು. ಚಿತ್ರವಿಲ್ಲದ ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿ ಬಂದರು ಎಂಬುದನ್ನು ಹೇಳಬೇಕೆಂದಿದ್ದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಅವರ ಅಂಗಡಿ ಒಮಾನಿನ ಮಸ್ಕತ್ ಹತ್ತಿರದ ಅಲ್ ಖೌದ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಇದೆ. ಒಂದು ಪಕ್ಕ ಲಾಂಡ್ರಿ, ಇನ್ನೊಂದು ಪಕ್ಕ ಕರಕ್ ಎಂಬ ಗಟ್ಟಿ ಹಾಲುಚಹಾದ ಕೆಫೆಟೇರಿಯಾ. ಸಾಹೇಬರು ಪುತ್ತೂರು ಕಡೆಯ ಬ್ಯಾರಿ. ಲೈಸೆನ್ಸ್ ಕಫೀಲನ, ಎಂದರೆ ವೀಸಾ ಮಾಡಿಸಿಕೊಡುವ ಒಮಾನಿ ಧಣಿಯ ಹೆಸರಿನಲ್ಲಿದೆ, ಕೆಲಸವೆಲ್ಲ ಇವರದು. ಯೂನಿವರ್ಸಿಟಿ ಹತ್ತಿರವಾದ್ದರಿಂದ ಘಟಿಕೋತ್ಸವದ ಕಾಲಕ್ಕೆ ಕರಿ ಗೌನಿನ ಹುಡುಗ ಹುಡುಗಿಯರ ಫೋಟೊಗಳು ರಾಶಿ ಬೀಳುತ್ತವೆ. ಉಳಿದ ದಿನಗಳಲ್ಲಿ ಕುರ್‌ಆನಿನ ವಾಕ್ಯಗಳು, ಗಾಜಿನ ಪೆಟ್ಟಿಗೆಯೊಳಗೆ ಕೂರಿಸಬೇಕಾದ ಅಜ್ಜಂದಿರ ಕಾಲದ ಬಾಗಿದ ಕಠಾರಿಗಳಾದ ಖಂಜರ್‌ಗಳು. ಖಂಜರ್‌ಗೆ ಪೆಟ್ಟಿಗೆ ಮಾಡುವುದರಲ್ಲಿ ಸಾಹೇಬರದು ಎತ್ತಿದ ಕೈ. ದೂರದ ಇಬ್ರಿಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ನಾನು ಮೈಸೂರಿನವಳು, ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಗಂಡನಿಗೆ ಸೊಹಾರ್‌ನ ಕಾರ್ಖಾನೆಯಲ್ಲಿ ಕೆಲಸ. ವಾರದ ರಜೆಗೆ ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಬಂದು ಶನಿವಾರ ಹಿಂತಿರುಗುತ್ತಾರೆ. ಹೀಗಾಗಿ ವಾರದ ಬಹುಪಾಲು ಸಂಜೆ ನನ್ನ ಬಾಯಿಗೆ ಕೆಲಸವಿರುವುದಿಲ್ಲ. ಡ್ರಾಯಿಂಗ್ ಟೀಚರ್ ಬಾಯಿಗೆ ಕೆಲಸವಿಲ್ಲದಿದ್ದರೆ ಅಕ್ಕಪಕ್ಕದವರ ಗತಿ ಏನೆಂಬುದು ಸಾಹೇಬರಿಗೆ ಚೆನ್ನಾಗಿ ಗೊತ್ತು.

ಆ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ಶಾಲೆಯ ಕಾರಿಡಾರಿನ ಉದ್ದಕ್ಕೂ ಯುರೋಪಿನ ಪ್ರಸಿದ್ಧ ಚಿತ್ರ, ಶಿಲ್ಪಗಳ ಪ್ರತಿಗಳನ್ನು ತೂಗುಹಾಕಬೇಕೆಂದು ಮನಸ್ಸಾಯಿತು. ಪ್ರತಿಯೊಂದರ ಕೆಳಗೂ ಮಕ್ಕಳು ನಿಂತು ಓದುವಂಥ ಒಂದು ಸ್ವಾರಸ್ಯ ಇರಬೇಕು. ಅಜಂತಾ ಯಾಕಿಲ್ಲ ಎಂದು ಕೇಳಿದೆ. ಮುಂದಿನ ವರ್ಷ ಎಂದರು. ಸಿಟ್ಟಿನಲ್ಲೇ ಕೆಲಸ ಒಪ್ಪಿಕೊಂಡೆ, ಒಪ್ಪಿಕೊಂಡ ಮೇಲೆ ನನಗೇ ಹುಚ್ಚು ಹಿಡಿಯಿತು. ಓದಿದ್ದನ್ನೆಲ್ಲ ಮೊದಲು ಸಾಹೇಬರಿಗೆ ಹೇಳಿ ನೋಡುತ್ತಿದ್ದೆ. ಅವರಿಗೆ ರುಚಿಸಿದ್ದು ಮಕ್ಕಳಿಗೂ ರುಚಿಸುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಫ್ಲಾರೆನ್ಸಿನ ಅಮೃತಶಿಲೆಯ ಯುವಕ ಬಂದಾಗ ಸ್ಟಾಫ್ ರೂಮಿನಲ್ಲಿ ಕಸಿವಿಸಿ. ಬಟ್ಟೆಯಿಲ್ಲದ ಆಳು. ಕೊರಳಿನಿಂದ ಮೇಲೆ ಮಾತ್ರ ಕಾಣಲಿ ಎಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು. ಇದೇನೂ ಹೊಸ ಸಂಕಟವಲ್ಲ ಎಂದು ಸಾಹೇಬರಿಗೆ ಹೇಳಿದೆ. ಲಂಡನ್ನಿನ ಮ್ಯೂಸಿಯಂ ಒಂದರಲ್ಲಿ ಇದೇ ಶಿಲ್ಪದ ಪ್ಲಾಸ್ಟರ್ ಪ್ರತಿ ಇದೆ. ಹಿಂದೆ ರಾಜಮನೆತನದ ಹೆಂಗಸರು ನೋಡಲು ಬಂದಾಗ ಅದರ ಮುಂದೆ ನೇತುಹಾಕಲೆಂದು ಒಂದು ಪ್ಲಾಸ್ಟರ್ ಎಲೆಯನ್ನೇ ಮಾಡಿಸಿಟ್ಟಿದ್ದರು. ಸಾಹೇಬರು ಚಿತ್ರದ ಸುತ್ತ ಕೂರುವ ಮೌಂಟ್ ಬೋರ್ಡನ್ನು ಕೊರಳಿನವರೆಗೆ ಮುಚ್ಚುವಂತೆ ಕತ್ತರಿಸುತ್ತ, “ಅವರ ಎಲೆ ಸಣ್ಣದು, ನಮ್ಮದು ದೊಡ್ಡದು, ಅಷ್ಟೇ ಅಲ್ವಾ?” ಎಂದರು. ಬೇರೆ ಶಿಲ್ಪಿಗಳು ಕೈಬಿಟ್ಟು ವರ್ಷಗಟ್ಟಲೆ ಅಂಗಳದಲ್ಲಿ ಬಿದ್ದಿದ್ದ ಕಲ್ಲಿನಲ್ಲೇ ಆ ಯುವಕನನ್ನು ಕಡೆದದ್ದು ಎಂದಾಗ ಮಾತ್ರ ಅವರ ಮುಖ ಅರಳಿತು. ಮೇಜಿನ ಕೆಳಗೆ ತಾವು ಕೂಡಿಟ್ಟಿದ್ದ ಫ್ರೇಮ್ ಪಟ್ಟಿಯ ತುಂಡುಗಳನ್ನು ಕಾಲಿನಿಂದ ತೋರಿಸಿ, “ನೋಡಿ, ಬಿಸಾಡಿ ಅಂತ ಹೇಳ್ತಿದ್ರಲ್ಲ ನೀವು!” ಎಂದರು.

ಕೈಗಳಿಲ್ಲದ ಗ್ರೀಕ್ ದೇವತೆಯೂ ಬಂದಳು. ದ್ವೀಪವೊಂದರಲ್ಲಿ ರೈತನಿಗೆ ನೆಲದಲ್ಲಿ ಸಿಕ್ಕವಳು ಅವಳು. ಆ ಕೈಗಳಲ್ಲಿ ಏನಿತ್ತೆಂದು ಇಂದಿಗೂ ಯಾರಿಗೂ ಖಚಿತವಾಗಿ ತಿಳಿಯದು. ಮುಕ್ಕಾದ ಮೂರ್ತಿಯನ್ನು ಮನೆಯಲ್ಲಿ ಇಡಬಾರದು ಎನ್ನುವ ನನ್ನ ಅಮ್ಮ ನೋಡಿದ್ದರೆ ಹೊಳೆಗೆ ಬಿಡಿಸುತ್ತಿದ್ದರು. ಆಮೇಲೆ ಹಾಲೆಂಡಿನ ಮುತ್ತಿನ ಓಲೆಯ ಹುಡುಗಿ. ಆ ಮುತ್ತನ್ನು ಹತ್ತಿರದಿಂದ ನೋಡಿದರೆ ಕುಂಚದ ಒಂದೆರಡು ಬಿಳಿ ಗುರುತು ಅಷ್ಟೆ, ಕಿವಿಗೆ ಸಿಕ್ಕಿಸುವ ಕೊಕ್ಕೆ ಕೂಡ ಇಲ್ಲ. ಅವಳ ತಲೆಗೆ ಸುತ್ತಿದ ಬಟ್ಟೆಯ ನೀಲಿ, ಅಫ್ಘಾನಿಸ್ತಾನದ ಬೆಟ್ಟದಿಂದ ಬಂದ ಕಲ್ಲನ್ನು ಅರೆದು ಮಾಡಿದ್ದು.

ಸಾಹೇಬರು ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದು ನೀಲಿಯಾ?” ಎಂದರು.

ಅಗ್ಗದ ಪ್ರಿಂಟು, ಬಣ್ಣ ಅವರಿಗೆ ಹಿಡಿಸಲಿಲ್ಲವೇನೋ ಎಂದುಕೊಂಡೆ.

ಮರುವಾರ ಫ್ರೇಮುಗಳು ಶಾಲೆಗೆ ಬಂದವು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಚಿತ್ರಗಳ ಸುತ್ತ ಬಿಳಿ ಬೋರ್ಡಿನ ಬದಲು ಕ್ರೀಮ್ ಬಣ್ಣದ್ದು. ಅಮೃತಶಿಲೆಯ ಯುವಕ ಬೆಣ್ಣೆಯಲ್ಲಿ ಹೂತಂತೆ ಕಾಣುತ್ತಿದ್ದ. ಅಂದು ಸಂಜೆ ಅಂಗಡಿಗೆ ಹೋಗಿ ಜಗಳ ತೆಗೆದೆ.

“ಏನ್ ಸಾಹೇಬ್ರೆ ಇದು? ಬಿಳಿ ಹಾಕಿ ಅಂತ ನೂರು ಸಲ ಹೇಳಿದ್ದೆ.”

“ಬಿಳಿಯೇ ಉಂಟಲ್ಲ ಟೀಚರೇ.”

“ಇದು ಬಿಳಿನಾ? ಕಾಮಾಲೆ ಕಣ್ಣೋರಿಗೆ ಕಾಣೋದೆಲ್ಲ ಹಳದಿ ಅಂತಾರೆ. ನಿಮಗೆ ನೋಡಿದ್ರೆ ಹಳದಿ ಎಲ್ಲ ಬಿಳಿ ಕಾಣುತ್ತಾ?”

ಒಂದು ಮಾತಿಗೆ ಎರಡು ಮಾತು ಕೊಡದೆ ಬಿಡುವ ಸಾಹೇಬರಲ್ಲ. ಅಂದು ವಾದಕ್ಕೆ ಇಳಿಯಲಿಲ್ಲ. ಬೋರ್ಡುಗಳನ್ನು ಜೋಡಿಸಿದ್ದ ಗೂಡಿನ ಕಡೆ ಒಮ್ಮೆ ನೋಡಿ, ಹೊಸ ಸ್ಟಾಕ್ ಬಂದಿತ್ತು, ಅಲ್ಲಿಂದಿಲ್ಲಿಗೆ ಆಗಿರಬೇಕು, ಬದಲಾಯಿಸಿ ಕೊಡುತ್ತೇನೆ ಎಂದರು. ಸಿಟ್ಟು ಬಂದರೆ ನನಗೆ ಬೇರೇನೂ ಕಾಣುವುದಿಲ್ಲ. ಕರಕ್ ಚಹಾವನ್ನೂ ಕುಡಿಯದೆ ಮೇಲೆ ಬಂದೆ.

ಜಗಳ ನನ್ನಲ್ಲಿ ಎರಡು ದಿನ ನಿಲ್ಲುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಚಿತ್ರದ ಪ್ರತಿ ಬಂದಾಗ ಮತ್ತೆ ಅವರೆದುರು ಸ್ಟೂಲಿನ ಮೇಲೆ ಕುಳಿತಿದ್ದೆ. ಕೋವಿ, ಭರ್ಜಿ ಹಿಡಿದ ಕಾವಲುಪಡೆಯವರ ಚಿತ್ರ ಅದು. ಅದನ್ನು ಗೋಡೆಯ ಮೇಲೆ ಎರಡು ಬಾಗಿಲುಗಳ ನಡುವೆ ಕೂರಿಸಲು ಸುತ್ತಲೂ ಕತ್ತರಿಸಿಬಿಟ್ಟಿದ್ದರು ಎಂದೆ. “ಗೋಡೆಗೆ ಬೇಕಾಗಿ ಚಿತ್ರ ಕತ್ತರಿಸಿದ್ರಾ? ಯಾ ಅಲ್ಲಾ!” ಎಂದು ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಇನ್ನೂ ಕೇಳಿ. ಅದನ್ನ ಎಲ್ಲರೂ ರಾತ್ರಿಯ ಚಿತ್ರ ಅಂತಲೇ ಕರೀತಿದ್ರು. ನಿಜವಾಗಿ ಅದು ಹಗಲು. ಮೇಲೆ ಬಳಿದ ವಾರ್ನಿಶ್ ವರ್ಷಗಳ ಮೇಲೆ ಕಪ್ಪಿಟ್ಟು ಹಗಲು ಹೋಗಿ ರಾತ್ರಿ ಆಗಿಬಿಟ್ಟಿತ್ತು. ಒರೆಸಿ ತೆಗೆದ ಮೇಲೆ ಬೆಳಕು ಕಾಣಿಸ್ತು.”

ಸಾಹೇಬರು ಗಾಜು ಒರೆಸುವುದನ್ನು ನಿಲ್ಲಿಸಿದರು.

“ಹಾಗಾದ್ರೆ ಚಿತ್ರದ್ದೇ ದೋಷ,” ಎಂದರು. “ನೋಡುವವನದ್ದಲ್ಲ.”

“ವಾರ್ನಿಶ್‌ದು,” ಎಂದೆ.

“ಒರೆಸಿದ್ರೆ ಹೋಗ್ತದೆ.”

“ಹೋಗುತ್ತೆ. ಅದಕ್ಕೆ ತಿಳಿದೋರು ಇರ್ತಾರೆ.”

ಕೊನೆಯ ಮಾತು ಅವರ ಕಿವಿಗೆ ಬಿದ್ದಿತೋ ಇಲ್ಲವೋ. ಯಾವುದೋ ಭಾರ ಇಳಿದವರಂತೆ ನಕ್ಕು, ಕೆಫೆಟೇರಿಯಾದವನಿಗೆ ಎರಡು ಚಹಾ ಕೂಗಿ ಹೇಳಿದರು.

ಸರಣಿಯ ಕೊನೆಯ ಚಿತ್ರ ತಾವರೆಕೊಳದ್ದು. ಅದನ್ನು ಕೊಡಲು ಮಧ್ಯಾಹ್ನ ಶಾಲೆ ಮುಗಿಸಿ ನೇರ ಅಂಗಡಿಗೆ ಬಂದೆ. ಥಿನ್ನರಿನ ವಾಸನೆ ಬಾಗಿಲಿನವರೆಗೂ ಬರುತ್ತಿತ್ತು. ಸಾಹೇಬರು ಮೇಜಿನ ಮೇಲೆ ಒಂದು ಸಣ್ಣ ಚಿತ್ರವನ್ನು ಅಂಗಾತ ಮಲಗಿಸಿಕೊಂಡು ಹತ್ತಿಯಿಂದ ಮೆಲ್ಲಗೆ ಉಜ್ಜುತ್ತಿದ್ದರು. ಮಗುವಿನ ಮುಖ ಒರೆಸುವಷ್ಟು ನಾಜೂಕು ಆ ಕೈಯಲ್ಲಿ.

ಅದು ಪ್ರಿಂಟ್ ಅಲ್ಲ, ಕೈಯಲ್ಲಿ ಬರೆದದ್ದು. ಹಿಂದಿನ ವಾರ ಒಬ್ಬ ಒಮಾನಿ ಹೆಂಗಸು ಫ್ರೇಮ್ ಹಾಕಿಸಲು ಕೊಟ್ಟುಹೋದದ್ದು ನನಗೆ ಗೊತ್ತಿತ್ತು, ಆಗ ನಾನೂ ಅಲ್ಲೇ ಇದ್ದೆ. ನಿವೃತ್ತಳಾದ ಶಾಲಾ ಮುಖ್ಯಸ್ಥೆ ಆಕೆ; ಇಲ್ಲಿನ ರೂಢಿಯಂತೆ ಸಾಹೇಬರು ಅವರನ್ನು ‘ಮಾಮಾ’, ಎಂದರೆ ಅಮ್ಮ, ಎಂದು ಕರೆಯುತ್ತಿದ್ದರು. ಇಬ್ರಿಯ ಹತ್ತಿರದ ತಮ್ಮ ತವರುಮನೆಯನ್ನು ಅಣ್ಣ ಬರೆದದ್ದು ಎಂದಿದ್ದರು. ಮಣ್ಣಿನ ಗೋಡೆ, ಎರಡು ಖರ್ಜೂರದ ಮರ, ಉಳಿದದ್ದೆಲ್ಲ ಆಕಾಶ. ಆ ಮನೆ ಈಗ ಬಿದ್ದುಹೋಗಿದೆ, ಅಣ್ಣನೂ ಇಲ್ಲ. ಅವರು ಬರೆದ ಚಿತ್ರ ಇದೊಂದೇ.

“ಬನ್ನಿ ಬನ್ನಿ ಟೀಚರೇ,” ಎಂದರು ಸಾಹೇಬರು, ಹಬ್ಬದ ಉತ್ಸಾಹದಲ್ಲಿ. “ನೀವು ಹೇಳಿದ್ದು ಸತ್ಯ. ಇದರ ಮೇಲೆ ಕೂಡ ವಾರ್ನಿಶ್ ಹಳದಿ ಆಗಿ ಕೂತಿತ್ತು. ಮಾಮಾಗೆ ಹೇಳಲಿಲ್ಲ ನಾನು, ಕೊಡುವಾಗ ನೋಡಿ ಖುಷಿಪಡಲಿ ಅಂತ. ನೋಡಿ, ಕೊಳೆ ಹೇಗೆ ಬರ್ತಾ ಉಂಟು!”

ಹತ್ತಿಯನ್ನು ನನ್ನ ಮುಖದ ಮುಂದೆ ಹಿಡಿದರು. ಹತ್ತಿ ನೀಲಿಯಾಗಿತ್ತು.

ಚಿತ್ರ ನೋಡಿದೆ. ಮನೆಯ ಸೂರಿನ ಮೇಲೆ ಅಂಗೈ ಅಗಲದಷ್ಟು ಆಕಾಶ ಇರಲೇ ಇಲ್ಲ. ಬರೀ ಕ್ಯಾನ್ವಾಸ್ ಕಾಣುತ್ತಿತ್ತು. ಸ್ಟೂಲಿನ ಮೇಲೆ ಕುಳಿತೆ. ಕ್ರೀಮ್ ಬೋರ್ಡು, ‘ಇದು ನೀಲಿಯಾ’ ಎಂಬ ಪ್ರಶ್ನೆ, ಅಂದು ಅವರು ವಾದಿಸದೆ ಒಪ್ಪಿಕೊಂಡದ್ದು, ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಹಳದಿ ಚಿತ್ರದ ಮೇಲೆ ಇರಲಿಲ್ಲ.

“ಸಾಹೇಬ್ರೆ, ನಿಲ್ಲಿಸಿ. ಆ ಹತ್ತಿ ಯಾವ ಬಣ್ಣ?”

“ಮಸಿ. ಕೊಳೆ ಬಣ್ಣ.”

“ನೀಲಿ,” ಎಂದೆ. “ಅದು ಆಕಾಶ.”

ನಂಬಲಿಲ್ಲ. ಹತ್ತಿಯನ್ನು ಬಾಗಿಲಿಗೆ ಕೊಂಡೊಯ್ದು ಬಿಸಿಲಿಗೆ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿದರು. ಲಾಂಡ್ರಿಯ ಹುಸೇನರನ್ನೋ ಇನ್ಯಾರನ್ನೋ ಕೇಳಬಹುದಿತ್ತು, ಕೇಳಲಿಲ್ಲ. ಒಳಗೆ ಬಂದು ಹತ್ತಿಯನ್ನು ಮೇಜಿನ ಡ್ರಾದಲ್ಲಿಟ್ಟು, ಥಿನ್ನರ್ ಡಬ್ಬಿಯ ಮುಚ್ಚಳ ಬಿಗಿದು ಕುಳಿತರು.

“ಗೊತ್ತುಂಟು,” ಎಂದರು. “ಕಣ್ಣಿನ ಪೊರೆ. ಡಾಕ್ಟರ್ ಹೇಳಿ ಎರಡು ವರ್ಷ ಆಯ್ತು.”

ಊರಿನಲ್ಲಿ ಅವರ ಉಮ್ಮನಿಗೆ ಪೊರೆ ತೆಗೆಸಿದ ಮೇಲೆ ಕಣ್ಣು ಪೂರ್ತಿ ಹೋಗಿತ್ತಂತೆ. ಅದನ್ನು ನೋಡಿದ ಮೇಲೆ ಅವರಿಗೆ ಆಪರೇಷನ್ ಎಂದರೆ ಭಯ. ಹೆಂಡತಿ ಫೋನಿನಲ್ಲಿ ಅತ್ತು ಕರೆದರೂ ಒಪ್ಪಿರಲಿಲ್ಲ. ಅಳತೆ, ಕೊಯ್ತ ಎಲ್ಲ ಕೈಗೆ ಗೊತ್ತು. ಬಣ್ಣವೊಂದೇ ತೊಂದರೆ. ಅದಕ್ಕೆ ಬೋರ್ಡುಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿ, ಎಡಗಡೆಯ ತುದಿ ಬಿಳಿ, ಅದರ ಪಕ್ಕ ಕ್ರೀಮ್ ಎಂದು ಸ್ಥಳದ ಮೇಲೆ ಗುರುತಿಟ್ಟುಕೊಂಡಿದ್ದರು. ಹೊಸ ಸ್ಟಾಕ್ ತಂದವನು ಕ್ರಮ ತಪ್ಪಿಸಿದ್ದ.

“ಕಣ್ಣಿಲ್ಲದ ಫ್ರೇಮ್‌ನವನಿಗೆ ಕಫೀಲ್ ವೀಸಾ ಮಾಡಿಸ್ತಾನಾ ಟೀಚರೇ? ಆಪರೇಷನ್ ಮಾಡಿ ಕಣ್ಣು ಹೋದ್ರೂ ಖಲಾಸ್. ಮಾಡದಿದ್ರೂ ಖಲಾಸ್. ಹೀಗೇ ಎಷ್ಟು ದಿನ ಹೋಗ್ತದೋ ಹೋಗಲಿ ಅಂತ ಇದ್ದೆ. ನೀವು ವಾರ್ನಿಶ್ ಅಂದ್ರಿ ನೋಡಿ, ನನಗೆ ಜೀವ ಬಂದ ಹಾಗಾಯ್ತು.”

ನನಗೆ ಅಯ್ಯೋ ಎನಿಸಿತು, ಅದರ ಜೊತೆಗೇ ರೇಗಿತು. ಎರಡು ವರ್ಷ ಪಕ್ಕದಲ್ಲೇ ಕುಳಿತು ಚಹಾ ಕುಡಿದವಳಿಗೆ ಒಂದು ಮಾತು ಹೇಳಬಾರದಿತ್ತೇ? ಬೈದೆ. ಬೈದು ಮುಗಿದ ಮೇಲೆ, ಕೈಯಲ್ಲಿದ್ದ ತಾವರೆಕೊಳದ ಚಿತ್ರವನ್ನು ಬಿಚ್ಚಿ ಅವರ ಮುಂದಿಟ್ಟೆ. ಅದರ ಕೆಳಗೆ ಹಾಕಬೇಕೆಂದು ನಾನು ಬರೆದುಕೊಂಡಿದ್ದ ಸಂಗತಿ ಅದೇ ಆಗಿತ್ತು: ಆ ಕೊಳವನ್ನು ಬರೆದ ಮುದುಕನ ಕಣ್ಣಿಗೆ ಪೊರೆ ಬಂದಿತ್ತು.

ಆತನೂ ನಿಮ್ಮ ಹಾಗೆಯೇ, ಎಂದೆ. ಬಣ್ಣ ಗುರುತಿಸಲಾಗದೆ ಟ್ಯೂಬಿನ ಮೇಲಿನ ಹೆಸರು ಓದಿಕೊಂಡು, ಹಲಗೆಯ ಮೇಲೆ ಒಂದೇ ಕ್ರಮದಲ್ಲಿ ಬಣ್ಣ ಇಟ್ಟುಕೊಂಡು ಬರೆಯುತ್ತಿದ್ದ. ಕೊಳವೆಲ್ಲ ಕೆಂಪಗೆ, ಕಂದುಬಣ್ಣಕ್ಕೆ ತಿರುಗಿತು. ಪರಿಚಯದ ಕಲಾವಿದರಿಗೆ ಆಪರೇಷನ್ ಕೆಟ್ಟದ್ದನ್ನು ಕಂಡು ಹೆದರಿ ವರ್ಷಗಟ್ಟಲೆ ಮುಂದೂಡಿದ. ಕೊನೆಗೆ ಒಂದು ಕಣ್ಣಿಗೆ ಮಾಡಿಸಿಕೊಂಡ.

“ಮತ್ತೆ ಕಂಡಿತಾ?” ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮೊದಮೊದಲು ಎಲ್ಲ ವಿಪರೀತ ನೀಲಿ ಕಾಣ್ತಂತೆ. ಡಾಕ್ಟರನ್ನೇ ಬೈದನಂತೆ. ಆಮೇಲೆ ಕನ್ನಡಕ ಹೊಂದಿಸಿಕೊಂಡ, ಸಾಯೋವರೆಗೂ ಚಿತ್ರ ಬರೆದ. ಅದು ಆ ಕಾಲ ಸಾಹೇಬ್ರೆ. ಈಗ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರ್ತಾರೆ.”

ಅವರು ತಾವರೆಕೊಳವನ್ನು ಸುತ್ತಿ ಬದಿಗಿಟ್ಟರು. ನಾಳೆ ಮಾಮಾ ಬರುತ್ತಾರೆ, ನೀವೂ ಇರಿ ಎಂದಷ್ಟೇ ಹೇಳಿದರು.

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಆಕೆ ಬಂದರು. ಸಾಹೇಬರು ಏನನ್ನೂ ಮುಚ್ಚಿಡಲಿಲ್ಲ. ಹಿಂದಿ, ಅರಬಿ ಬೆರೆಸಿ, ತಲೆ ತಗ್ಗಿಸಿ, ಕಣ್ಣಿನ ಸಂಗತಿಯನ್ನೂ ಸೇರಿಸಿ ಹೇಳಿದರು. ಆಕೆ ಚಿತ್ರವನ್ನು ಎತ್ತಿ ಮುಖದ ಹತ್ತಿರ ಹಿಡಿದರು. ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿಯ ಹಬೆ ಬುಸ್ ಎನ್ನುತ್ತಿತ್ತು. ಸೂರಿನ ಮೇಲಿನ ಖಾಲಿ ಜಾಗವನ್ನು ಆಕೆ ಬೆರಳಿನಿಂದ ಮುಟ್ಟಿದರು. ಕಣ್ಣು ತುಂಬಿತ್ತು.

ಆಮೇಲೆ ಕೇಳಿದ್ದು ಚಿತ್ರದ ಬಗ್ಗೆ ಅಲ್ಲ. ಟೀವಿ ನೋಡಿ ಕಲಿತ ಹಿಂದಿಯಲ್ಲಿ, “ನನ್ನ ತಲೆಯ ಮೇಲಿನ ಬಟ್ಟೆ ಯಾವ ಬಣ್ಣ?” ಎಂದರು.

“ಕಪ್ಪು,” ಎಂದರು ಸಾಹೇಬರು.

ಅದು ಕಡುನೀಲಿ. ಆಕೆ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

“ಚಿತ್ರ ಇಲ್ಲೇ ಇರಲಿ,” ಎಂದರು ಆಕೆ. “ಕಣ್ಣು ಸರಿ ಮಾಡಿಸಿಕೊಂಡು ಬಂದು ನೀನೇ ಫ್ರೇಮ್ ಹಾಕಬೇಕು. ಬೇರೆಯವರ ಕೈಗೆ ನಾನು ಕೊಡುವುದಿಲ್ಲ.” ಬಾಗಿಲಲ್ಲಿ ನಿಂತು ಮತ್ತೆ ತಿರುಗಿದರು. “ಕೋಪ ಇಲ್ಲ ಅಂದುಕೊಳ್ಳಬೇಡ. ಬಹಳ ಇದೆ.”

ನಾನು ಅಷ್ಟು ಕಥೆ ಹೇಳಿ ಆಗದ ಕೆಲಸ ಆ ಕೋಪದಿಂದ ಆಯಿತು. ಚಿತ್ರ ಅಂಗಡಿಯಲ್ಲೇ, ಗೋಡೆಗೆ ಒರಗಿಕೊಂಡು ಕಾಯುತ್ತಿತ್ತು. ಅದನ್ನು ದಿನವೂ ಎದುರಿಗಿಟ್ಟುಕೊಂಡು ಸಾಹೇಬರಿಗೆ ತಡೆಯಲಾಗಲಿಲ್ಲ. ಹೆದರಿ ಹೆದರಿ ಕಫೀಲನಿಗೆ ಹೇಳಿದರು. ಅವನು, ನಮ್ಮಪ್ಪನಿಗೂ ಮಾಡಿಸಿದ್ದೇನೆ, ಇದನ್ನು ಹೇಳಲು ಇಷ್ಟು ದಿನ ಬೇಕಿತ್ತೇ ಎಂದು ಗದರಿದನಂತೆ. ಒಂದು ಗುರುವಾರ ಮಸ್ಕತ್‌ನ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಸಂಜೆ, ಆಗಷ್ಟೇ ಬಸ್ಸಿಳಿದು ಬಂದಿದ್ದ ನನ್ನ ಗಂಡನೇ ನಮ್ಮ ಕಾರಿನಲ್ಲಿ ಕರೆತಂದರು. ದಾರಿಯುದ್ದಕ್ಕೂ ಸಾಹೇಬರು ಕಣ್ಣಿನ ಪಟ್ಟಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರಂತೆ. ಪಟ್ಟಿಯ ಕೆಳಗೆ ಕಣ್ಣು ಇದೆಯೋ ಇಲ್ಲವೋ ಎಂದು ಅವರಿಗೆ ಆ ಇಡೀ ದಿನ ಅನುಮಾನ.

ಅಂಗಡಿ ಮತ್ತೆ ತೆರೆದ ದಿನ ಚಹಾ ಹಿಡಿದುಕೊಂಡು ಹೋದೆ. ಸಾಹೇಬರು ಕರಿ ಕನ್ನಡಕ ತೆಗೆದು ಬೋರ್ಡುಗಳ ಮುಂದೆ ನಿಂತಿದ್ದರು. ಒಂದನ್ನು ಎಳೆದು, “ಇದು ಕ್ರೀಮ್,” ಎಂದರು. ಇನ್ನೊಂದನ್ನು ಎಳೆದು, “ಇದು ಬಿಳಿ. ಎಂಥಾ ಬಿಳಿ ಮಾರಾಯ್ರೆ!” ಎಂದು ಗಟ್ಟಿಯಾಗಿ ನಕ್ಕರು. ಶಾಲೆಯ ಫ್ರೇಮುಗಳನ್ನೆಲ್ಲ ಇವತ್ತೇ ಬದಲಾಯಿಸಬೇಕು ಎಂದು ಹಟ ಹಿಡಿದರು. ಇರಲಿ ಬಿಡಿ, ಅಮೃತಶಿಲೆಯವನಿಗೆ ಬೆಣ್ಣೆ ಒಗ್ಗಿಹೋಗಿದೆ ಎಂದೆ.

ಆಮೇಲೆ ಅವರಿಗೆ ಏನೋ ನೆನಪಾಯಿತು. ಡ್ರಾ ಎಳೆದು ಆ ಹತ್ತಿಯನ್ನು ತೆಗೆದರು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. ಮುಖದ ನಗು ಇಳಿದುಹೋಯಿತು.

“ಇಷ್ಟು ನೀಲಿಯನ್ನು ಕೊಳೆ ಅಂತ ನಿಮಗೆ ತೋರಿಸಿದ್ದಾ ನಾನು?”

ನಾನು ಹೂಂ ಎಂದೆ.

“ಅಳಬಾರದು ಅಂತ ಡಾಕ್ಟರ್ ಹೇಳಿದ್ದಾರೆ,” ಎಂದು ಹೇಳುತ್ತಲೇ ಸಾಹೇಬರು ಅತ್ತರು. ನನಗೂ ಅಳು ಬಂತು. ನನಗೆ ಯಾವ ಡಾಕ್ಟರೂ ಬೇಡವೆಂದಿರಲಿಲ್ಲ.

ಚಿತ್ರಕ್ಕೆ ಅವರು ಸಾದಾ ಮರದ ಫ್ರೇಮ್ ಹಾಕಿದರು. ಖಾಲಿ ಜಾಗಕ್ಕೆ ಯಾರಿಂದಲಾದರೂ ಬಣ್ಣ ಹಚ್ಚಿಸೋಣವೇ ಎಂದು ನಾನು ಕೇಳಿದ್ದಕ್ಕೆ, ಇನ್ನು ಆ ಚಿತ್ರವನ್ನು ಯಾರೂ ಮುಟ್ಟುವುದು ಬೇಡ ಎಂದರು. ಬೆನ್ನಿಗೆ ಹೊಡೆಯುವ ಹಲಗೆಯ ಮೇಲೆ ಮಾತ್ರ ನನಗೆ ತೋರಿಸದೆ ಏನೋ ಮಾಡುತ್ತಿದ್ದರು.

ಮಾಮಾ ಬಂದರು. ಚಿತ್ರ ನೋಡಿ, ಫ್ರೇಮಿನ ಮೂಲೆಗಳ ಮೇಲೆ ಕೈಯಾಡಿಸಿ, ಚೆನ್ನಾಗಿದೆ ಎಂದರು. ದನಿಯಲ್ಲಿ ಇನ್ನೂ ಬಿಗುವಿತ್ತು. ಸಾಹೇಬರು ಫ್ರೇಮನ್ನು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿದರು. ಬೆನ್ನಿನ ಹಲಗೆಯಲ್ಲಿ ಒಂದು ಪುಟ್ಟ ಕಿಟಕಿ. ಖಂಜರ್ ಕೂರಿಸುವ ಹಾಗೆ ಒಳಗೆ ಬಿಳಿ ಬೋರ್ಡು ಹಾಸಿ, ಮೇಲೆ ಗಾಜು ಮುಚ್ಚಿ, ನಡುವೆ ಆ ಹತ್ತಿಯ ಉಂಡೆಯನ್ನು ಇಟ್ಟಿದ್ದರು.

“ಇದೇನು?” ಎಂದರು ಆಕೆ.

“ನಿಮ್ಮ ಅಣ್ಣನ ಆಕಾಶ ಮಾಮಾ. ಒರೆಸಿದ್ದು ನಾನು. ಬಿಸಾಡ್ಲಿಲ್ಲ.”

ಆಕೆ ಬಹಳ ಹೊತ್ತು ಆ ಕಿಟಕಿಯನ್ನು ನೋಡಿದರು. ಮುಂದಕ್ಕೆ ತಿರುಗಿಸಿ ಮನೆಯನ್ನು ನೋಡಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಬಿಗುವೆಲ್ಲ ಕರಗಿದ ದನಿಯಲ್ಲಿ, ನಿಜವಾಗಿಯೂ ಗೊತ್ತಾಗದವರಂತೆ ಸಾಹೇಬರನ್ನು ಕೇಳಿದರು: “ಈಗ ಹೇಳು, ಯಾವ ಕಡೆಯನ್ನು ಗೋಡೆಗೆ ಮಾಡಿ ಹಾಕಲಿ?”